ಉಬುಂಟು ಫೋಲ್ಡರ್ ಅಪ್ಪನ ವಿಂಡೋಸಲ್ಲಿ ಕೊನೆಗೂ ಓಪನ್ ಆಯ್ತು

ಮಡಿಕೇರಿಲಿ ಮಳೆ ಹಿಡಿದ್ರೆ ನೆಟ್ ನಂಬೋಕಾಗಲ್ಲ, ಅದಕ್ಕೇ ತೋಟದ ಲೆಕ್ಕ, ಕಾಫಿ ಕುಯ್ಲಿನ ಫೋಟೋ ಎಲ್ಲಾ ನನ್ನ ಉಬುಂಟು (ಒಂದು ಥರದ ಲಿನಕ್ಸ್) ಲ್ಯಾಪ್‌ಟಾಪಲ್ಲಿಟ್ಟು ಅಪ್ಪನ ವಿಂಡೋಸ್ ಕಂಪ್ಯೂಟರಿಗೆ ಮನೆ ವೈಫೈಲೇ ಸಿಗ್ಲಿ ಅಂತ ಸಾಂಬಾ ಅನ್ನೋ ಫೈಲ್ ಹಂಚೋ ಸಾಫ್ಟ್‌ವೇರ್ ಹಾಕಿದೆ, ಇಂಟರ್ನೆಟ್ ಇಲ್ದಿದ್ರೂ ರೂಟರ್ ಆನ್ ಇದ್ರೆ ಸಾಕು. ಫೋಲ್ಡರ್ ಕಾಣ್ತಿತ್ತು, ಆದ್ರೆ ಪಾಸ್‌ವರ್ಡ್ ಎಷ್ಟು ಸಲ ಹೊಡೆದ್ರೂ ತಪ್ಪು ಅಂತಿತ್ತು. ಫೈರ್‌ವಾಲಲ್ಲಿ ಸಾಂಬಾ ಬಳಸೋ 445 ಪೋರ್ಟ್ ಮೊದಲೇ ಬಿಟ್ಟಿದ್ದೆ, ಹಾಗಾಗಿ ತೊಂದರೆ ಅದಲ್ಲ. ಎರಡು ಸಂಜೆ ಹೋಯ್ತು. ಆಮೇಲೆ ಗೊತ್ತಾಯ್ತು, ಲಿನಕ್ಸ್ ಲಾಗಿನ್ ಪಾಸ್‌ವರ್ಡನ್ನ ಸಾಂಬಾ ನೋಡಲ್ಲ, ಅದಕ್ಕೆ ಅದರದ್ದೇ ಬೇರೆ ಪಾಸ್‌ವರ್ಡ್ ಇಡ್ಬೇಕು. ಕಮಾಂಡ್ ಟೈಪ್ ಮಾಡೋ ಟರ್ಮಿನಲಲ್ಲಿ ಸುಡೋ (ಅಡ್ಮಿನ್ ಅಧಿಕಾರ ಕೊಡೋ ಪದ) ಹಾಕಿ ಎಸ್‌ಎಂಬಿಪಾಸ್‌ಡಬ್ಲ್ಯುಡಿ ಮೈನಸ್ ಎ, ಮುಂದೆ ಯೂಸರ್ ಹೆಸರು, ಎರಡು ಸಲ ಪಾಸ್‌ವರ್ಡ್, ಅಷ್ಟೇ. ಅಪ್ಪ ಕನ್ನಡಕ ಹಾಕ್ಕೊಂಡು ಹೋದ ವರ್ಷದ ಮೆಣಸಿನ ಲೆಕ್ಕ ತೆಗೆದು ನೋಡ್ತಾ ಕೂತ್ರು, ನಂಗೆ ತುಂಬಾ ಖುಷಿ ಆಯ್ತು.