ಗರ್ಭದ ಮಗುವಿನ ಕಿಡ್ನಿ ಹಿಗ್ಗಿದೆ ಎಂದರೆ: ಸ್ಕ್ಯಾನಿಂಗ್‌ನಲ್ಲಿ ಏನು, ಯಾವಾಗ ನೋಡಬೇಕು

ಗರ್ಭದ ಮಗುವಿನ ಅಂಗಾಂಗ ನೋಡುವ ಅನಾಮಲಿ ಸ್ಕ್ಯಾನ್ ರಿಪೋರ್ಟಿನಲ್ಲಿ ‘ಪೈಲೆಕ್ಟಾಸಿಸ್’ ಅಥವಾ ‘ಯುಟಿಡಿ’ (ಮೂತ್ರಮಾರ್ಗದ ಹಿಗ್ಗುವಿಕೆ) ಎಂದು ಬರೆದಿದ್ದರೆ, ಸಾಮಾನ್ಯವಾಗಿ ಮಗುವಿನ ಕಿಡ್ನಿಯೊಳಗೆ ಮೂತ್ರ ಬಂದು ಸೇರುವ ಭಾಗ, ಅಂದರೆ ರೀನಲ್ ಪೆಲ್ವಿಸ್, ಹಿಗ್ಗಿದೆ ಎಂದರ್ಥ. ಎಷ್ಟು ಮಿಲಿಮೀಟರ್ ಎಂಬುದರ ಜೊತೆ ಎಷ್ಟನೇ ವಾರ ಎಂಬುದನ್ನೂ ನೋಡಿ. ವಾರ ಗೊತ್ತಿಲ್ಲದೆ ಬರೀ ಮಿ.ಮೀ. ಇಟ್ಟುಕೊಂಡು ಏನೂ ಹೇಳಲಾಗದು.

2014ರ ಯುಟಿಡಿ ವರ್ಗೀಕರಣದಂತೆ 16ರಿಂದ 27 ವಾರದಲ್ಲಿ 4 ಮಿ.ಮೀ.ಗಿಂತ ಕಡಿಮೆ, 28 ವಾರದ ನಂತರ 7ಕ್ಕಿಂತ ಕಡಿಮೆ ಇದ್ದರೆ ಸಹಜ. ಮೊದಲ ಅವಧಿಯಲ್ಲಿ 4ರಿಂದ 7ರೊಳಗೆ, ನಂತರ 7ರಿಂದ 10ರೊಳಗೆ ಇದ್ದರೆ ‘ಎ1’, ಅಪಾಯ ಕಡಿಮೆ. ಅದಕ್ಕೂ ಮೇಲಿದ್ದರೆ ‘ಎ2-3’, ಅಪಾಯ ಹೆಚ್ಚು. ಕಿಡ್ನಿಯೊಳಗೆ ಅಂಚಿನಲ್ಲಿ ಮೂತ್ರ ಹಿಡಿಯುವ ಬಟ್ಟಲಿನಂಥ ಕ್ಯಾಲಿಕ್ಸ್‌ಗಳು ಹಿಗ್ಗಿದ್ದರೆ, ಕಿಡ್ನಿಯ ತಿರುಳು ತೆಳುವಾಗಿದ್ದರೆ, ಮೂತ್ರನಾಳ ಊದಿದ್ದರೆ, ಮೂತ್ರಕೋಶದ ಗೋಡೆ ದಪ್ಪಗಿದ್ದರೆ ಅಥವಾ ಬೇರೆ ಕಾರಣವಿಲ್ಲದೆ ಗರ್ಭದ ನೀರು ಕಡಿಮೆಯಾಗಿದ್ದರೆ ಅಳತೆ ಚಿಕ್ಕದಿದ್ದರೂ ಎ2-3 ಎಂದೇ ಲೆಕ್ಕ.

ತಪ್ಪಾಗುವುದು ಹೆಚ್ಚಾಗಿ ಅಳೆಯುವಾಗಲೇ. ಹೊಟ್ಟೆಯ ಅಡ್ಡ ಸೀಳಿನ ಚಿತ್ರದಲ್ಲಿ ಬೆನ್ನುಮೂಳೆ ಗಡಿಯಾರದ 12 ಅಥವಾ 6ರ ಜಾಗದಲ್ಲಿರಬೇಕು. ಮಗು ಪಕ್ಕಕ್ಕೆ ಮಲಗಿದ್ದರೆ ಮೂಳೆಯ ನೆರಳು ಆಚೆಯ ಕಿಡ್ನಿಯನ್ನು ಮುಚ್ಚುತ್ತದೆ. ತಿರುಗುವವರೆಗೆ ಕಾಯುವುದೇ ಸರಿ. ಕ್ಯಾಲಿಪರನ್ನು (ಪರದೆಯ ಮೇಲಿನ ಅಳತೆ ಗುರುತು) ದ್ರವದ ಒಳ ಅಂಚಿನಿಂದ ಒಳ ಅಂಚಿಗೆ, ಮುಂದಿನಿಂದ ಹಿಂದಕ್ಕೆ, ಕಿಡ್ನಿಯೊಳಗಿನ ಭಾಗದಲ್ಲಿ ಇಡಬೇಕು. ಸೀಳು ಓರೆಯಾದರೆ ಅಳತೆ ಸುಳ್ಳೇ ದೊಡ್ಡದಾಗುತ್ತದೆ. ರಕ್ತನಾಳವೂ ಕಪ್ಪಾಗಿಯೇ ಕಾಣುವುದರಿಂದ ಅನುಮಾನವಿದ್ದರೆ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿ ನೋಡಬೇಕು. ಮಗುವಿನ ಮೂತ್ರಕೋಶ ತುಂಬಿದ್ದರೆ ಖಾಲಿಯಾದ ಮೇಲೆ ಮತ್ತೊಮ್ಮೆ ಅಳೆಯುವುದು ಒಳ್ಳೆಯದು. 3.9 ಇದ್ದದ್ದು 4.2 ಆಯಿತೆಂದು ಗಾಬರಿ ಬೇಡ. ಅಷ್ಟು ವ್ಯತ್ಯಾಸ ಅಳೆಯುವ ಕೈಯಲ್ಲೇ ಬರುತ್ತದೆ.

ಎ1 ಆದರೆ 32 ವಾರದ ನಂತರ ಇನ್ನೊಂದು ಸ್ಕ್ಯಾನ್ ಸಾಕು. ಎ2-3 ಆದರೆ ಮುಂದಿನದು 4ರಿಂದ 6 ವಾರದೊಳಗೆ, ಜೊತೆಗೆ ಮಕ್ಕಳ ಮೂತ್ರರೋಗ ತಜ್ಞರ ಸಲಹೆ. ಎರಡೂ ಕಿಡ್ನಿ ಹಿಗ್ಗಿ, ಮೂತ್ರಕೋಶ ದಪ್ಪಗಾಗಿ, ನೀರೂ ಇಳಿದಿದ್ದರೆ ಅಷ್ಟು ದಿನ ಕಾಯುವಂತಿಲ್ಲ. ಗಂಡು ಮಕ್ಕಳಲ್ಲಿ ಮೂತ್ರದ್ವಾರದ ದಾರಿಗೆ ಅಡ್ಡ ಬರುವ ಕವಾಟದಿಂದ ಹೀಗಾಗಬಹುದು. (ಮಗುವಿನ ಲಿಂಗ ಕೇಳಬೇಡಿ, ಹೇಳುವುದು ಕಾನೂನಿನಲ್ಲಿ ಅಪರಾಧ.)

ಹೆರಿಗೆಯಾದ ಮೊದಲ 48 ಗಂಟೆ ಮಗುವಿಗೆ ಮೂತ್ರ ಕಡಿಮೆ. ಆಗ ಸ್ಕ್ಯಾನ್ ಮಾಡಿದರೆ ಹಿಗ್ಗು ಅಡಗಿರುತ್ತದೆ. ಮೇಲೆ ಹೇಳಿದ ಕವಾಟದ ಅನುಮಾನವಿದ್ದರೆ, ಎರಡೂ ಕಿಡ್ನಿ ತುಂಬಾ ಹಿಗ್ಗಿದ್ದರೆ ಅಥವಾ ಗರ್ಭದ ನೀರು ಕಡಿಮೆಯಾಗಿದ್ದರೆ ಕಾಯದೆ ಮಾಡಬೇಕು. ಉಳಿದವರಿಗೆ 48 ಗಂಟೆ ಕಳೆದು ಒಂದು ತಿಂಗಳೊಳಗೆ ಮೊದಲ ಸ್ಕ್ಯಾನ್. ಅದು ನಾರ್ಮಲ್ ಬಂದರೂ, ಒಂದರಿಂದ ಆರು ತಿಂಗಳ ನಂತರದ ಎರಡನೆಯದನ್ನು ಬಿಡಬೇಡಿ.