ಕೊಪ್ಪಳದ ಕೋಟೆ ಗುಡ್ಡಕ್ಕೆ ನಮ್ಮ ಮುತ್ತಿಗೆ

ಮೊದಲ ಸಲ ಎಂಟನೇ ಕ್ಲಾಸಿನ ಮಕ್ಕಳನ್ನು ಕೊಪ್ಪಳ ಕೋಟೆಗೆ ಕರೆದುಕೊಂಡು ಹೋದಾಗ ಪೂರಾ ಎಡವಟ್ಟಾಯಿತು. ಮಾರ್ಚ್ ತಿಂಗಳು, ಗಂಟೆ ಹತ್ತು ದಾಟಿತ್ತು. ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಬಾಟಲಿಗಳೆಲ್ಲ ಖಾಲಿ. ನಾನು ಇಸವಿ ಹೇಳುತ್ತಾ ನಿಂತಿದ್ದೆ, ಅವರು ನೆರಳು ಹುಡುಕುತ್ತಿದ್ದರು. ತಪ್ಪು ನನ್ನದೇ.

ಮುಂದಿನ ಸಲ ಡಿಸೆಂಬರ್‌ನಲ್ಲಿ ಹೋದೆವು, ಆರೂವರೆಗೇ ಬುಡದಲ್ಲಿದ್ದೆವು. ಪಾಠ ಬಿಟ್ಟು ಆಟ ಆಡಿಸಿದೆ. ಹತ್ತು ಮಂದಿ ಇನ್ನೊಬ್ಬ ಮೇಷ್ಟ್ರ ಜೊತೆ ಮೇಲೆ ಕೂತರು. ಉಳಿದವರು ದಾರಿ ಪಕ್ಕದ ಗುಂಡುಬಂಡೆಗಳ ಮರೆಯಲ್ಲೇ ಹತ್ತಬೇಕು. ಕಂಡರೆ ಔಟ್. ಗೋಡೆ ಏರುವಂತಿಲ್ಲ, ದಾರಿ ಬಿಟ್ಟು ದೂರ ಹೋಗುವಂತಿಲ್ಲ.

ಸುಲಭ ಅಂದುಕೊಂಡಿದ್ದರು. ಅಷ್ಟು ದೊಡ್ಡ ಬಂಡೆಗಳಿವೆ, ಅಡಗೋಕೆ ಜಾಗ ಇಲ್ವಾ? ಆದರೆ ಒಂದು ಬಂಡೆಯಿಂದ ಇನ್ನೊಂದಕ್ಕೆ ಹೋಗಲು ಬಯಲಿಗೆ ಬರಲೇಬೇಕು. ಮೇಲಿನಿಂದ ಕೂಗು: "ಸರ, ಅವನ ನೆತ್ತಿ ಕಾಣಾಕತ್ತೈತ್ರಿ!" ಮೂವತ್ತರಲ್ಲಿ ಮೇಲೆ ಮುಟ್ಟಿದವರು ಇಬ್ಬರೇ. ಅವರಲ್ಲೊಬ್ಬ ಚಪ್ಪಲಿ ಕೈಯಲ್ಲಿ ಹಿಡಿದು, ಹೊಟ್ಟೆ ಮೇಲೆ ತೆವಳಿ ಬಂದಿದ್ದ. ಅಂಗಿ ನೋಡಿ ಅವರಮ್ಮ ಏನಂದರೋ ಗೊತ್ತಿಲ್ಲ!

ಆಮೇಲೆ ಕೂರಿಸಿ ಕತೆ ಹೇಳಿದೆ. 1786ರಲ್ಲಿ ಈ ಕೋಟೆ ಟಿಪ್ಪುವಿನ ಕೈಗೆ ಬಂತು. ಫ್ರೆಂಚ್ ಎಂಜಿನಿಯರ್‌ಗಳ ನೆರವಿನಿಂದ ಗಟ್ಟಿ ಮಾಡಿಸಿದ. 1790ರಲ್ಲಿ ನಿಜಾಮರ ಪಡೆ, ಬ್ರಿಟಿಷರ ಪಡೆ ಸೇರಿ ಮುತ್ತಿಗೆ ಹಾಕಿದವು. ತಿಂಗಳುಗಟ್ಟಲೆ ಬಗ್ಗಲಿಲ್ಲ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಬಿತ್ತು. ಮರು ತಿಂಗಳು ಇಲ್ಲಿಯವರೂ ಬಿಟ್ಟುಕೊಟ್ಟರು. 1858ರಲ್ಲಿ ಮುಂಡರಗಿ ಭೀಮರಾಯ, ಹಮ್ಮಿಗಿ ಕೆಂಚನಗೌಡ ಬ್ರಿಟಿಷರ ವಿರುದ್ಧ ಹೋರಾಡಿ ಮಡಿದದ್ದೂ ಇಲ್ಲೇ. ಈ ಕೋಟೆ ಹಿಡಿಯುವುದು ಯಾಕೆ ಅಷ್ಟು ಕಷ್ಟ ಅಂತ ಈಗಷ್ಟೇ ಔಟ್ ಆದವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ರೊಟ್ಟಿ, ಶೇಂಗಾ ಚಟ್ನಿ ಬಿಚ್ಚುವಾಗ ಒಬ್ಬ ಹುಡುಗಿ ಕೇಳಿದಳು: "ಸರ, ಅಷ್ಟು ದಿನ ಮ್ಯಾಲಿದ್ದವರು ನೀರಿಗೆ ಏನ್ ಮಾಡಿದ್ರು?"

ನಾನು ತಯಾರಾಗದೇ ಬಂದಿದ್ದ ಪ್ರಶ್ನೆ ಇದೊಂದೇ. ಎಲ್ಲರೂ ಎದ್ದು ನೀರು ಹುಡುಕಲು ಹೊರಟೆವು. ಬಂಡೆಯ ತಗ್ಗೊಂದರಲ್ಲಿ ಮಳೆನೀರು ಹಸಿರುಗಟ್ಟಿ ನಿಂತಿತ್ತು. ಹೆಜ್ಜೆ ಹಾಕಿ ಉದ್ದ, ಅಗಲ ಅಳೆದರು. ಆಳಕ್ಕೆ ಒಂದು ಕೋಲು ಇಳಿಬಿಟ್ಟರು. ನಲವತ್ತು ಮಂದಿಗೆ ಬೆಳಿಗ್ಗೆ ತಂದ ನಲವತ್ತು ಲೀಟರ್ ಅಷ್ಟರಲ್ಲೇ ತೀರುತ್ತಾ ಬಂದಿತ್ತು. ಐನೂರು ಮಂದಿ ಇದ್ದಿದ್ದರೆ ಆ ತಗ್ಗಿನ ನೀರು ಎಷ್ಟು ದಿನ ಬರುತ್ತಿತ್ತು ಅಂತ ಲೆಕ್ಕ ಶುರುವಾಯಿತು. ಗುಡ್ಡ ಇಳಿಯುವವರೆಗೂ ಅದೇ ಜಗಳ.