‘ನಾವು ಕಾರ್ಡ್ ಸಂಖ್ಯೆಯನ್ನು ಸಂಗ್ರಹಿಸುವುದಿಲ್ಲ’ ಎಂದು ಬರೆಯಲು ಹೊರಟಾಗ

ಆನ್‌ಲೈನ್ ಮಳಿಗೆಯೊಂದರ ತಾಂತ್ರಿಕ ವಿಭಾಗದ ಹೊಣೆ ಹೊತ್ತಿದ್ದ ವರ್ಷಗಳಲ್ಲಿ, ಭದ್ರತೆಯ ಬಗ್ಗೆ ಯಾರೇ ಕೇಳಿದರೂ ನಾನು ಕೊಡುತ್ತಿದ್ದ ಉತ್ತರ ಒಂದೇ ಆಗಿತ್ತು: ನಾವು ಕಾರ್ಡ್ ಸಂಖ್ಯೆಯನ್ನು ಸಂಗ್ರಹಿಸುವುದಿಲ್ಲ. ಅದು ಸತ್ಯವೂ ಆಗಿತ್ತು. ಗ್ರಾಹಕರು ನಮ್ಮ ಪುಟದಲ್ಲಿ ಟೈಪ್ ಮಾಡಿದ ಸಂಖ್ಯೆ ಬ್ರೌಸರಿನಿಂದ ನೇರವಾಗಿ, ಪಾವತಿಯನ್ನು ನಡೆಸಿಕೊಡುವ ಸೇವೆಯಾದ ಪೇಮೆಂಟ್ ಗೇಟ್‌ವೇಗೆ ಹೋಗುತ್ತಿತ್ತು; ನಮಗೆ ಮರಳಿ ಬರುತ್ತಿದ್ದುದು ಅದರ ಬದಲಿಗೆ ಬಳಸುವ ಒಂದು ಸಂಕೇತ, ಅಂದರೆ ಟೋಕನ್ ಮಾತ್ರ. ಡೇಟಾಬೇಸನ್ನು ಇಡಿಯಾಗಿ ಹೊತ್ತೊಯ್ದರೂ ಕಳ್ಳರಿಗೆ ಒಂದು ಕಾರ್ಡೂ ಸಿಗದು ಎಂಬ ಧೈರ್ಯದಲ್ಲಿದ್ದಾಗಲೇ, ನಮ್ಮ ಪರವಾಗಿ ಪಾವತಿ ಸ್ವೀಕರಿಸುವ ಬ್ಯಾಂಕಿನಿಂದ ಪತ್ರ ಬಂದಿತು. ಬೇರೆ ಬೇರೆ ಬ್ಯಾಂಕುಗಳ ಹಲವು ಕಾರ್ಡುಗಳಲ್ಲಿ ವಂಚನೆ ನಡೆದಿದೆ, ಅವೆಲ್ಲವೂ ಅದಕ್ಕೆ ಮುನ್ನ ಬಳಕೆಯಾಗಿದ್ದ ಸಮಾನ ಸ್ಥಳ ನಿಮ್ಮ ಮಳಿಗೆ ಎಂದು ಅದರಲ್ಲಿತ್ತು. ಸೋರಿಕೆಯ ಸುದ್ದಿ ಎಷ್ಟೋ ಸಲ ಮಳಿಗೆಯವರಿಗಿಂತ ಮೊದಲು ಬ್ಯಾಂಕುಗಳಿಗೆ ತಿಳಿಯುವುದು ಈ ಲೆಕ್ಕಾಚಾರದಿಂದಲೇ.

ನಾವು ಮೊದಲು ನಂಬಲಿಲ್ಲ. ಕಾರ್ಡ್ ಸಂಖ್ಯೆ ಎಲ್ಲಾದರೂ ತಪ್ಪಿ ಉಳಿದಿದೆಯೇ ಎಂದು ಡೇಟಾಬೇಸನ್ನು ಜಾಲಾಡುವುದರಲ್ಲೇ ಅರ್ಧ ದಿನ ಕಳೆಯಿತು. ಕೊನೆಗೆ ಸಹೋದ್ಯೋಗಿಯೊಬ್ಬರು, ನಮ್ಮ ನಿರ್ವಾಹಕ ಖಾತೆಗೆ ಎಂದೂ ಲಾಗಿನ್ ಆಗಿರದ ಕಂಪ್ಯೂಟರಿನಿಂದ ಗ್ರಾಹಕರಂತೆಯೇ ಖರೀದಿ ಮಾಡುತ್ತ, ಪುಟ ಎಲ್ಲೆಲ್ಲಿಗೆ ಏನೇನನ್ನು ಕಳಿಸುತ್ತಿದೆ ಎಂದು ಗಮನಿಸಿದರು. ಪಾವತಿಯ ಗುಂಡಿ ಒತ್ತಿದ ಕ್ಷಣದಲ್ಲಿ, ನಾವು ಬಳಸುವ ಅಂಕಿಅಂಶ ಸೇವೆಯ ಹೆಸರಿಗಿಂತ ಒಂದಕ್ಷರ ಮಾತ್ರ ಭಿನ್ನವಾಗಿದ್ದ ಡೊಮೇನಿಗೆ ಒಂದು ಚಿತ್ರದ ಕೋರಿಕೆ ಹೋಯಿತು; ಆ ಕೋರಿಕೆಯ ಬಾಲದಲ್ಲಿ ಹೆಸರು, ಕಾರ್ಡ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಮತ್ತು ಕಾರ್ಡಿನ ಮೇಲೆ ಮುದ್ರಿತವಾಗಿರುವ ಮೂರಂಕಿಯ ಭದ್ರತಾ ಸಂಖ್ಯೆಯಾದ ಸಿವಿವಿ ಇದ್ದವು. ಗ್ರಾಹಕರ ಬ್ರೌಸರಿನಲ್ಲಿ ಓಡುವ ಹಳೆಯ ಜಾವಾಸ್ಕ್ರಿಪ್ಟ್ ಕಡತವೊಂದರ ತುದಿಗೆ ಯಾರೋ ಕೆಲವು ಸಾಲುಗಳನ್ನು ಸೇರಿಸಿದ್ದರು. ನಿರ್ವಾಹಕರಾಗಿ ಲಾಗಿನ್ ಆದ ಗುರುತು (ಕುಕೀ) ಇರುವ ಬ್ರೌಸರಿನಲ್ಲಿ ಆ ಸಾಲುಗಳು ಸುಮ್ಮನಿರುತ್ತಿದ್ದುದರಿಂದ ನಮ್ಮ ದಿನನಿತ್ಯದ ಪರೀಕ್ಷೆಗಳಲ್ಲಿ ಅದು ಕಾಣಿಸಿಕೊಂಡಿರಲೇ ಇಲ್ಲ.

2018ರಲ್ಲಿ ಬ್ರಿಟಿಷ್ ಏರ್‌ವೇಸ್‌ನ ಪಾವತಿ ಪುಟದಲ್ಲಿ ಕೇವಲ 22 ಸಾಲುಗಳ ಸ್ಕ್ರಿಪ್ಟ್ ಇದೇ ಕೆಲಸ ಮಾಡಿದ್ದನ್ನು ನಾನು ಓದಿದ್ದೆ. ಓದಿಯೂ ಅದನ್ನು ನಮಗೆ ಅನ್ವಯಿಸಿಕೊಂಡಿರಲಿಲ್ಲ. ಪಾವತಿಗೆ ಅನುಮೋದನೆ ಸಿಕ್ಕ ಬಳಿಕ ಸಿವಿವಿಯನ್ನು ಉಳಿಸಿಕೊಳ್ಳಬಾರದು ಎಂದು ಕಾರ್ಡ್ ಪಾವತಿ ಉದ್ಯಮದ ಭದ್ರತಾ ಮಾನದಂಡವಾದ ಪಿಸಿಐ ಡಿಎಸ್ಎಸ್ ಹೇಳುತ್ತದೆ. ಆದ್ದರಿಂದ ನಿಯಮ ಪಾಲಿಸುವ ಮಳಿಗೆಯ ಡೇಟಾಬೇಸ್ ಕದ್ದವರಿಗೆ ಆ ಮೂರು ಅಂಕಿಗಳು ಸಿಗುವುದಿಲ್ಲ. ಗ್ರಾಹಕರು ಟೈಪ್ ಮಾಡುವಾಗಲೇ ಕದಿಯುವವರಿಗೆ ಅವೂ ಸಿಗುತ್ತವೆ. ನಮ್ಮ ನೆಚ್ಚಿನ ಉತ್ತರ ಈ ಕಳ್ಳತನಕ್ಕೆ ಯಾವ ಅಡ್ಡಿಯನ್ನೂ ಒಡ್ಡಿರಲಿಲ್ಲ.

ಕಡತ ಕಂಡ ಕೂಡಲೇ ಅದನ್ನು ಅಳಿಸಿಬಿಡಬೇಕೆಂದು ಎಲ್ಲರ ಕೈ ತುಡಿಯಿತು. ಸರ್ವರನ್ನು ಆರಿಸಬೇಡಿ, ಏನನ್ನೂ ಬದಲಿಸಬೇಡಿ ಎಂದು ಬ್ಯಾಂಕಿನ ಪತ್ರದಲ್ಲೇ ಬರೆದಿದ್ದರಿಂದ ತಡೆದೆವು. ಮಾರಾಟ ನಿಲ್ಲಿಸಿ, ಸರ್ವರನ್ನು ಚಾಲನೆಯಲ್ಲೇ ಇಟ್ಟು ಅದರ ಹೊರಸಂಪರ್ಕವನ್ನಷ್ಟೇ ಕಡಿದು, ಮೆಮೊರಿ ಮತ್ತು ಡಿಸ್ಕಿನ ಪ್ರತಿ ತೆಗೆದಿರಿಸಿದೆವು. ಆ ಮಾನದಂಡವನ್ನು ರೂಪಿಸುವ ಪಿಸಿಐ ಮಂಡಳಿಯ ಮಾನ್ಯತೆ ಪಡೆದ ತನಿಖಾಧಿಕಾರಿ ಆ ಪ್ರತಿಯಲ್ಲಿ, ಉತ್ಪನ್ನಗಳ ಚಿತ್ರಗಳ ಫೋಲ್ಡರಿನೊಳಗೆ ಅಡಗಿದ್ದ ಮತ್ತೊಂದು ಕಡತವನ್ನು ಪತ್ತೆಹಚ್ಚಿದರು. ಎಂದೋ ಕೆಲಸ ಬಿಟ್ಟುಹೋಗಿದ್ದ ಗುತ್ತಿಗೆದಾರರೊಬ್ಬರ ಖಾತೆಯ ಪಾಸ್‌ವರ್ಡ್ ಬಳಸಿ ಒಳಬಂದವರು ಅದನ್ನು ಹಿಂಬಾಗಿಲಾಗಿ ಬಿಟ್ಟುಹೋಗಿದ್ದರು. ನಾವು ಮೊದಲ ಕಡತವನ್ನಷ್ಟೇ ತೊಳೆದು ಮಳಿಗೆ ತೆರೆದಿದ್ದರೆ, ಅದೇ ಬಾಗಿಲಿನಿಂದ ಅವರು ಮತ್ತೆ ಬರಬಹುದಿತ್ತು.

ಕಳ್ಳತನ ಆರಂಭವಾದದ್ದು ಎಂದು ಎಂಬ ಪ್ರಶ್ನೆಯಲ್ಲಿ ನಾವು ಸೋತೆವು. ಕಡತದ ದಿನಾಂಕವನ್ನು ಕಳ್ಳರು ಮೂರು ವರ್ಷ ಹಿಂದಕ್ಕೆ ತಿದ್ದಿದ್ದರು. ಸರ್ವರಿನ ಚಟುವಟಿಕೆಯ ದಾಖಲೆಗಳಾದ ಲಾಗ್‌ಗಳನ್ನು 12 ತಿಂಗಳು ಕಾಪಾಡಬೇಕೆಂದು ಮಾನದಂಡವಿದ್ದರೂ ನಮ್ಮ ವೆಬ್ ಸರ್ವರಿನ ಲಾಗ್‌ಗಳು 30 ದಿನಕ್ಕೊಮ್ಮೆ ಅಳಿಸಿಹೋಗುತ್ತಿದ್ದವು. ಜಾಗ ಉಳಿಸಲೆಂದು ಹಿಂದೊಮ್ಮೆ ಆ ನಿರ್ಧಾರಕ್ಕೆ ಒಪ್ಪಿಗೆ ಕೊಟ್ಟವನು ನಾನೇ. ಕಡತ ನಿರ್ಮಲವಾಗಿತ್ತೆಂದು ಸಾಬೀತುಪಡಿಸಬಲ್ಲ ಕೊನೆಯ ಬ್ಯಾಕಪ್ ನಾಲ್ಕು ತಿಂಗಳ ಹಿಂದಿನದು. ಹಾಗಾಗಿ ಅಂದಿನಿಂದ ಈಚೆಗೆ ಕಾರ್ಡ್ ಬಳಸಿದ ಪ್ರತಿಯೊಬ್ಬರನ್ನೂ ಬಾಧಿತರೆಂದೇ ಪರಿಗಣಿಸಬೇಕಾಯಿತು. ಅವರಲ್ಲಿ ಎಷ್ಟೋ ಮಂದಿಯ ಕಾರ್ಡ್ ಸುರಕ್ಷಿತವಾಗಿಯೇ ಇದ್ದಿರಬಹುದು. ಅದನ್ನು ಅವರಿಗೆ ಹೇಳಲು ಬೇಕಾದ ಆಧಾರವನ್ನು ನಾವೇ ಅಳಿಸಿಕೊಂಡಿದ್ದೆವು. ಇನ್ನು ಯಾವ ಯಾವ ಕಾರ್ಡುಗಳು ಎಂದು ತಿಳಿಸಲು ನಮ್ಮ ಬಳಿ ಸಂಖ್ಯೆಗಳೇ ಇರಲಿಲ್ಲವಾದ್ದರಿಂದ, ವಹಿವಾಟುಗಳ ಗುರುತುಸಂಖ್ಯೆಗಳನ್ನು ಬ್ಯಾಂಕಿಗೆ ಒಪ್ಪಿಸಿದೆವು. ಅವುಗಳಿಂದ ಕಾರ್ಡುಗಳ ಪಟ್ಟಿ ಸಿದ್ಧಪಡಿಸಿ, ಕಾರ್ಡ್ ಕೊಟ್ಟ ಬ್ಯಾಂಕುಗಳಿಗೆ ತಲುಪಿಸಿದ್ದು ಆ ಬ್ಯಾಂಕೇ.

ಗ್ರಾಹಕರಿಗೆ ಬರೆಯುವ ಪತ್ರದ ಬಗ್ಗೆ ಹೆಚ್ಚು ವಾದ ನಡೆಯಿತು. ತನಿಖೆಯ ಅಂತಿಮ ವರದಿ ಬರಲಿ ಎಂದು ಕೆಲವರು ಹೇಳಿದರು. ಆದರೆ ನಮ್ಮ ಗ್ರಾಹಕರಲ್ಲಿ ಐರೋಪ್ಯ ಒಕ್ಕೂಟದವರೂ ಇದ್ದರು. ಅಲ್ಲಿನ ದತ್ತಾಂಶ ರಕ್ಷಣಾ ಕಾನೂನಾದ ಜಿಡಿಪಿಆರ್ ಪ್ರಕಾರ ಇಂಥ ಸೋರಿಕೆ ಗಮನಕ್ಕೆ ಬಂದ 72 ಗಂಟೆಗಳೊಳಗೆ ನಿಯಂತ್ರಕರಿಗೆ ತಿಳಿಸಬೇಕು, ಪೂರ್ಣ ವಿವರ ಆಮೇಲೆ ಹಂತಹಂತವಾಗಿ ಕೊಡಬಹುದು. ಆ ವರದಿಯನ್ನು ಸಮಯಕ್ಕೆ ಕಳಿಸಿದೆವು. ಗ್ರಾಹಕರ ಪತ್ರದ ಕರಡನ್ನು ನಾನೇ ಬರೆದೆ, ಮತ್ತು ಅದರ ಮೊದಲ ಸಾಲಾಗಿ, ಏನೂ ಯೋಚಿಸದೆ, ‘ನಾವು ಕಾರ್ಡ್ ಸಂಖ್ಯೆಯನ್ನು ಸಂಗ್ರಹಿಸುವುದಿಲ್ಲ’ ಎಂದು ಬರೆದೆ. ಗ್ರಾಹಕ ಸೇವೆಯ ಮುಖ್ಯಸ್ಥೆ ಅದನ್ನು ಓದಿ ಕೇಳಿದ್ದು ಇಷ್ಟೇ: “ಈ ಸಾಲನ್ನು ಓದಿದವರು ಬ್ಯಾಂಕಿಗೆ ಫೋನ್ ಮಾಡುತ್ತಾರೋ, ಇಲ್ಲವೇ ನಿಶ್ಚಿಂತೆಯಿಂದ ಪತ್ರವನ್ನು ಮುಚ್ಚಿಡುತ್ತಾರೋ?” ನನ್ನ ಬಳಿ ಉತ್ತರವಿರಲಿಲ್ಲ. ಆ ಸಾಲನ್ನು ತೆಗೆದುಹಾಕಿದೆವು.

ಕೊನೆಗೆ ಹೋದ ಪತ್ರ ಚಿಕ್ಕದಾಗಿತ್ತು. ಯಾವ ದಿನಾಂಕಗಳ ನಡುವೆ, ಏನೇನು ಹೋಗಿರಬಹುದು ಎಂಬುದು ಮೊದಲ ಎರಡು ವಾಕ್ಯಗಳಲ್ಲೇ ಇತ್ತು. ಸಿವಿವಿಯನ್ನು ಹೆಸರಿಸಿಯೇ ಬರೆದಿದ್ದೆವು. ಕಾರ್ಡನ್ನು ಬದಲಿಸಿಕೊಳ್ಳಿ, ಕಳ್ಳರು ಮೊದಲು ಸಣ್ಣ ಮೊತ್ತದಿಂದ ಪರೀಕ್ಷಿಸುವುದುಂಟಾದ್ದರಿಂದ ಸ್ಟೇಟ್‌ಮೆಂಟಿನಲ್ಲಿ ಸಣ್ಣ ಮೊತ್ತಗಳನ್ನೂ ನೋಡಿ ಎಂದು ತಿಳಿಸಿದೆವು. ಇಂಥ ಸುದ್ದಿಯ ಬೆನ್ನಲ್ಲೇ ನಮ್ಮ ಹೆಸರಿನಲ್ಲಿ ಮೋಸದ ಮಿಂಚಂಚೆಗಳು ಬರುವ ಸಾಧ್ಯತೆಯಿದ್ದುದರಿಂದ ಪತ್ರದಲ್ಲಿ ಒಂದು ಲಿಂಕನ್ನೂ ಇಡಲಿಲ್ಲ. ಕಾರ್ಡಿನ ಹಿಂಬದಿಯಲ್ಲಿರುವ ಸಂಖ್ಯೆಗೇ ಕರೆ ಮಾಡಲು ಹೇಳಿದೆವು. ಫೋನಿನಲ್ಲಿ ನಾನೂ ಒಂದು ವಾರ ಕುಳಿತೆ. ಅತಿ ಹೆಚ್ಚು ಬಾರಿ ಕೇಳಿಸಿಕೊಂಡ ಪ್ರಶ್ನೆ, ನಿಮಗೆ ಗೊತ್ತಾದದ್ದು ಎಂದು ಎಂಬುದು. ಬ್ಯಾಂಕಿನ ಪತ್ರ ಬಂದ ದಿನಾಂಕವನ್ನೇ ಹೇಳುತ್ತಿದ್ದೆ. ಅದಕ್ಕೂ ನಮ್ಮ ಪತ್ರಕ್ಕೂ ನಡುವೆ ನಾಲ್ಕು ದಿನಗಳಿದ್ದವು. ಅವುಗಳಲ್ಲಿ ಎರಡನ್ನಾದರೂ ಉಳಿಸಬಹುದಿತ್ತು ಎಂಬ ಕೊರಗು ನನಗೆ ಈಗಲೂ ಇದೆ.

ಮುಂದಿನ ಬದಲಾವಣೆಗಳಲ್ಲಿ ಹೊಸತೇನೂ ಇಲ್ಲ. ಕಾರ್ಡ್ ತುಂಬುವ ಪುಟವನ್ನು ಗೇಟ್‌ವೇಗೇ ಬಿಟ್ಟುಕೊಟ್ಟೆವು, ನಿರ್ವಾಹಕ ಖಾತೆಗಳಿಗೆ ಎರಡನೆಯ ಹಂತದ ದೃಢೀಕರಣ ತಂದೆವು, ಲಾಗ್‌ಗಳನ್ನು ಬೇರೆ ಯಂತ್ರಕ್ಕೆ ಸಾಗಿಸಿದೆವು. ಪಾವತಿ ಪುಟದ ಪ್ರತಿ ಸ್ಕ್ರಿಪ್ಟಿಗೂ ಅನುಮತಿ ಮತ್ತು ಕಾರಣ ದಾಖಲಾಗಿರಬೇಕು, ಪುಟ ಅನಧಿಕೃತವಾಗಿ ಬದಲಾದರೆ ಎಚ್ಚರಿಕೆ ಬರಬೇಕು ಎಂಬ ಪಿಸಿಐ ಡಿಎಸ್ಎಸ್ 4ನೇ ಆವೃತ್ತಿಯ ನಿಯಮಗಳು 2025ರ ಮಾರ್ಚ್ 31ರ ನಂತರ ಕಡ್ಡಾಯವಾದವು; ಗೇಟ್‌ವೇಗೆ ಕರೆದೊಯ್ಯುವ ನಮ್ಮ ಪುಟವನ್ನೂ ನಾವು ಅದೇ ರೀತಿ ಕಾಯುತ್ತೇವೆ, ಏಕೆಂದರೆ ಆ ಪುಟವನ್ನು ತಿದ್ದಿದವರು ಗ್ರಾಹಕರನ್ನು ನಕಲಿ ಪುಟಕ್ಕೆ ಕರೆದೊಯ್ಯಬಲ್ಲರು. ಸಹಾಯ ಪುಟದಲ್ಲಿದ್ದ ಹಳೆಯ ಉತ್ತರವನ್ನೂ ಬದಲಿಸಿದ್ದೇವೆ. ಕಾರ್ಡ್ ಸಂಖ್ಯೆ ನಮ್ಮಲ್ಲಿ ಉಳಿಯುವುದಿಲ್ಲ ಎಂಬ ಮಾತಿನ ಜೊತೆಗೆ, ನೀವು ಅದನ್ನು ಟೈಪ್ ಮಾಡುವ ಪುಟ ಯಾರದು, ಅಲ್ಲಿಗೆ ತಲುಪುವವರೆಗಿನ ದಾರಿಯ ಹೊಣೆ ಯಾರದು ಎಂಬುದೂ ಈಗ ಅಲ್ಲಿದೆ.